ನೆಗ್ಗಿದ ತಟ್ಟೆ

ಲಿಫ್ಟ್ ರಿಪೇರಿ ಮಾಡುವವನ ತಾಯಿ ನಾಲ್ಕನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಎಂದರೆ ನಗಬೇಕೋ ಅಳಬೇಕೋ ತಿಳಿಯದು. ಮಗ ಹಗಲೆಲ್ಲ ಊರಿನ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ಏರಿಸಿ ಇಳಿಸಿ ಸಂಜೆ ಮನೆಗೆ ಬರುತ್ತಿದ್ದ. ಅವನು ಬಾಡಿಗೆಗಿದ್ದ ಹಳೆಯ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಮೊಮ್ಮಗಳು ಹಾಸ್ಯ ಮಾಡುತ್ತಿದ್ದಳು. ಮಂಡಿಗಳು ಕೈಕೊಟ್ಟ ಮೇಲೆ ಅಜ್ಜಿ ನೆಲ ಮುಟ್ಟಿದ್ದು ಆಸ್ಪತ್ರೆಗೆ ಹೋಗುವಾಗ ಮಾತ್ರ, ಅದೂ ಮಗನ ಬೆನ್ನೇರಿ. ಉಳಿದ ದಿನವೆಲ್ಲ ಅಡುಗೆಮನೆಯ ಕಿಟಕಿ. ಅಷ್ಟು ಎತ್ತರದಿಂದ ಯಾರ ಮುಖವೂ ಕಾಣುವುದಿಲ್ಲ, ಬರೀ ನೆತ್ತಿ ಕಾಣುತ್ತದೆ. "ಈ ಬೀದೀಲಿ ಯಾರ್ಯಾರ ತಲೆ ಬೋಳಾಗ್ತಿದೆ ಅಂತ ನನ್ನನ್ನ ಕೇಳಿ, ಹೇಳ್ತೀನಿ" ಎನ್ನುತ್ತಿದ್ದಳು ಅಜ್ಜಿ. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಆ ವರ್ಷ ಮನೆಯ ಮಾಲೀಕ ಬಾಡಿಗೆ ಏರಿಸಿದ. ಹೋದ ವರ್ಷವೂ ಏರಿಸಿದ್ದ, ಅದರ ಹಿಂದಿನ ವರ್ಷವೂ ಏರಿಸಿದ್ದ. ಈ ಸಲ ಏರಿಸಿದ ಮೇಲೆ ಹಾಸಿಗೆ ಎಷ್ಟಿದೆಯೋ ಅಷ್ಟು ಕಾಲು ಚಾಚೋಣ ಎಂದರೆ ಹಾಸಿಗೆಯೇ ಇಲ್ಲದಂತಾಯಿತು. ಮೊದಲು ಮೊಟ್ಟೆ ನಿಂತಿತು. ಆಮೇಲೆ ಎರಡನೇ ಸಲದ ಚಹಾ ನಿಂತಿತು. ಮಗ ಬಸ್ಸು ಬಿಟ್ಟು ನಡೆಯತೊಡಗಿದ, ನಡೆದು ಬಂದ ಹಸಿವಿಗೆ ಎರಡು ತುಂಡು ಬ್ರೆಡ್ಡು ಹೆಚ್ಚಿಗೆ ತಿನ್ನತೊಡಗಿದ. ಅದನ್ನು ಸೊಸೆ ಎತ್ತಿ ಆಡಿದ ದಿನ ಗಂಡಹೆಂಡಿರ ನಡುವೆ ಒಳ್ಳೆಯ ಜಗಳವೇ ಆಯಿತು.

ಅಂಥದ್ದರಲ್ಲಿ ಮಗ ಒಂದು ದಿನ ರಜೆ ಹಾಕಿ ದೂರದ ಒಂದು ಸಣ್ಣ ಊರನ್ನು ನೋಡಿಕೊಂಡು ಬಂದ. ಅಲ್ಲಿನ ಆಸ್ಪತ್ರೆಗೆ ಒಬ್ಬ ಲಿಫ್ಟ್ ಮೆಕ್ಯಾನಿಕ್ ಬೇಕಂತೆ. ಊಟಕ್ಕೆ ಕೂತಾಗ ಅವನ ಬಾಯಲ್ಲಿ ತುತ್ತಿಗಿಂತ ಮಾತೇ ಹೆಚ್ಚಾಗಿತ್ತು. ಅಲ್ಲಿ ಬಾಡಿಗೆ ಇಲ್ಲಿಯದರ ಮೂರನೇ ಒಂದು ಪಾಲು. ದಿನವಿಡೀ ನೀರು ಬರುತ್ತದೆ. ತರಕಾರಿ ಗಿಡದಿಂದ ಈಗಷ್ಟೇ ಕಿತ್ತ ಹಾಗಿರುತ್ತದೆ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯವನು ತಿರುಗಿ ನೋಡುತ್ತಾನೆ, ಅಷ್ಟೇ ಊರು.

"ಲಿಫ್ಟು ಎಷ್ಟಿವೆ ಅಲ್ಲಿ?" ಎಂದಳು ಸೊಸೆ.

"ಆಸ್ಪತ್ರೇಲಿ ಎರಡು. ಹೊಸದಾಗಿ ಕಟ್ಟಿರೋ ಅಂಗಡಿ ಸಾಲಲ್ಲಿ ಒಂದು."

"ಮೂರು ಲಿಫ್ಟು. ಅವು ಕೆಡದೇ ಹೋದ್ರೆ?"

"ಕೆಡದೇ ಇರೋ ಲಿಫ್ಟನ್ನ ನಾನು ಇದುವರೆಗೆ ನೋಡಿಲ್ಲ ಕಣೇ."

ಮೊಮ್ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಹುಟ್ಟಿದಾಗ ಸಣ್ಣ ದನಿಯಲ್ಲಿ ಬಿಡದೆ ಅಳುತ್ತಿದ್ದಳೆಂದು ತಾತ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದ, ಅದೇ ನಿಂತುಬಿಟ್ಟಿತ್ತು. ದೂರದ ಬೆಟ್ಟ ಯಾವಾಗಲೂ ನುಣ್ಣಗೇ ಇರುತ್ತದೆ ಎಂದು ಅವಳು ಗೊಣಗಿದಳು. ಅಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ತಾಯಿಯ ಕಡೆ ತಿರುಗಿ, "ಅಮ್ಮ, ಆ ಮನೆ ನೆಲಮಹಡಿ. ಬಾಗಿಲು ತೆಗೆದ್ರೆ ಬೀದಿ" ಎಂದ.

ಅಜ್ಜಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಆ ಮನೆಯಲ್ಲಿ ದೊಡ್ಡ ಸಂಗತಿಗಳನ್ನು ತೀರ್ಮಾನಿಸುವುದಕ್ಕೆ ಒಂದು ಪದ್ಧತಿಯಿತ್ತು. ತಾತ ದಿನಸಿ ಅಂಗಡಿ ಇಟ್ಟಿದ್ದವನು. ಅಂಗಡಿ ಹೋಯಿತು, ತಾತನೂ ಹೋದ, ಅವನ ಹಿತ್ತಾಳೆಯ ತಕ್ಕಡಿ ಮಾತ್ರ ಉಳಿಯಿತು. ಬಾಯಿ ಮಾತಿಗೆ ಜಗಳವಾಗುತ್ತದೆ, ತಕ್ಕಡಿಯ ಮಾತಿಗೆ ಆಗುವುದಿಲ್ಲ ಎಂದು ಅವನು ತಮಾಷೆಗೆ ಶುರುಮಾಡಿದ್ದು, ಮಗನಿಗೆ ವ್ರತವಾಗಿಬಿಟ್ಟಿತ್ತು. ಅಡುಗೆಮನೆಯ ಕೊಕ್ಕೆಗೆ ತಕ್ಕಡಿ ನೇತುಹಾಕುವುದು. ಒಂದು ತಟ್ಟೆ ಬೇಕು ಎನ್ನುವುದಕ್ಕೆ, ಇನ್ನೊಂದು ಬೇಡ ಎನ್ನುವುದಕ್ಕೆ. ಯಾರಿಗೆ ಕಾರಣ ಹೊಳೆದರೂ ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿ, ಮಗ ಕೆಲಸದಿಂದ ತಂದಿಟ್ಟಿದ್ದ ಹಳೆಯ ನಟ್ಟುಗಳ ಡಬ್ಬಿಯಿಂದ ಒಂದನ್ನು ತೆಗೆದು ಹಾಕಬೇಕು. ಸಣ್ಣ ಕಾರಣಕ್ಕೆ ಸಣ್ಣ ನಟ್ಟು, ದೊಡ್ಡ ಕಾರಣಕ್ಕೆ ದೊಡ್ಡ ನಟ್ಟು. ಕೊನೆಗೆ ತಕ್ಕಡಿ ಯಾವ ಕಡೆ ವಾಲುತ್ತದೋ ಅದೇ ಆಜ್ಞೆ. ಸೊಸೆಗೆ ಹೊಲಿಗೆ ಯಂತ್ರ ಕೊಂಡದ್ದೂ, ಪಿಟೀಲು ಕಾಲೇಜಿಗೆ ಸೇರಿದ್ದೂ ಹೀಗೆಯೇ ಆಗಿತ್ತು.

ಮರುದಿನ ಸಂಜೆ ಮಗ ತಕ್ಕಡಿಯನ್ನು ಒರೆಸಿ ನೇತುಹಾಕಿದ. "ಕಿಟಕಿ ಕಡೆ ತಟ್ಟೆ ಹೋಗೋದು. ಒಲೆ ಕಡೆದು ಇರೋದು" ಎಂದ. ಎರಡು ತಟ್ಟೆಗಳೂ ಸ್ವಲ್ಪ ತೂಗಾಡಿ ಸಮನಾಗಿ ನಿಂತವು. "ನೋಡಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ನಮ್ಮಪ್ಪನ ತಕ್ಕಡಿ ಇದು. ಊರು ಮೋಸ ಮಾಡಿದ್ರೂ ಅವನು ಮಾಡಲಿಲ್ಲ."

ಕಿಟಕಿಯ ಕಡೆ ನೇತಾಡುತ್ತಿದ್ದ ತಟ್ಟೆಯ ಅಂಚು ಹೆಬ್ಬೆರಳಿನಷ್ಟು ನೆಗ್ಗಿತ್ತು. ಅದು ಯಾವಾಗಲೋ ಕೆಳಗೆ ಬಿದ್ದು ನೆಗ್ಗಿದ್ದೆಂದು ಮಗ ತಿಳಿದಿದ್ದ. ತಾತ ಅದನ್ನು ಗುರುತಿಗೆಂದು ಸುತ್ತಿಗೆಯಿಂದ ಬೇಕೆಂದೇ ನೆಗ್ಗಿಸಿದ್ದು ಅಜ್ಜಿಯ ಕಣ್ಣೆದುರಿಗೇ. ತಕ್ಕಡಿಯ ಕೋಲಿನ ನಡುವೆ ಇರಬೇಕಾದ ತೂತು ನಡುವೆ ಇರಲಿಲ್ಲ, ತುಸು ಆಚೆಗಿತ್ತು. ಬರಿದಾಗಿದ್ದಾಗ ಸಮನಾಗಿ ನಿಲ್ಲಲೆಂದು ಗಿಡ್ಡ ಕಡೆಯ ತಟ್ಟೆಯ ಅಡಿಗೆ ತಾತ ಸೀಸ ಬೆಸೆದಿದ್ದ. ಹೀಗಾಗಿ ಅದು ಬರಿದಾಗಿದ್ದಾಗ ನಿಜ ಹೇಳುತ್ತಿತ್ತು, ತುಂಬಿದಾಗ ಸುಳ್ಳು. ನೆಗ್ಗಿದ ತಟ್ಟೆಗೆ ಹಾಕಿದ್ದು ಇದ್ದದ್ದಕ್ಕಿಂತ ಭಾರವಾಗಿ ಕಾಣುತ್ತಿತ್ತು. ಕಿಲೋಗೆ ಒಂದು ಹಿಡಿ ಅಂಗಡಿಯಲ್ಲೇ ಉಳಿಯುತ್ತಿತ್ತು. ತೂಗಿ ಮುಗಿದ ಮೇಲೆ ತಾತ ಮೇಲಿಂದ ನಾಲ್ಕು ಕಾಳು ಕೊಸರು ಹಾಕುತ್ತಿದ್ದ. ಆ ಕೊಸರಿಗೆ ಮರುಳಾಗಿ ಜನ ಬೇರೆ ಅಂಗಡಿಗಳನ್ನು ದಾಟಿಕೊಂಡು ಬರುತ್ತಿದ್ದರು, ನಿಮ್ಮ ತೂಕ ಧರ್ಮದ ತೂಕ ಎಂದು ಹೊಗಳುತ್ತಿದ್ದರು. ಮಗ ಆ ಹೊಗಳಿಕೆ ಕೇಳಿಯೇ ಬೆಳೆದವನು. ತಾತ ಬಿಟ್ಟುಹೋದ ಆಸ್ತಿ ಎಂದರೆ ಅದೊಂದೇ.

ಇಷ್ಟು ದಿನ ಅಜ್ಜಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಳು. ಯಾವುದು ಆಗಬೇಕೋ ಅದರ ಕಡೆಗೆ ನೆಗ್ಗಿದ ತಟ್ಟೆ ಬರುವಂತೆ ತಾನೇ ತಕ್ಕಡಿ ನೇತುಹಾಕುತ್ತಿದ್ದಳು. ಹೊಲಿಗೆ ಯಂತ್ರವೂ ಕಾಲೇಜೂ ಈ ಮನೆಗೆ ಬಂದದ್ದು ಆ ಉಪಾಯದಿಂದಲೇ. ಈ ಸಲ ಮಂಡಿ ಏಳಗೊಡಲಿಲ್ಲ, ಮಗ ನೇತುಹಾಕಿದ್ದ. ತಿರುಗಿಸಿ ಹಾಕೋ ಎನ್ನಲು ಅವಳು ಬಾಯಿ ತೆರೆದಳು. ಬಾಗಿಲು ತೆಗೆದರೆ ಬೀದಿ ಎಂಬ ಮಾತು ನೆನಪಾಯಿತು. ತೆರೆದ ಬಾಯಿಯಲ್ಲಿ ಆಕಳಿಸಿದಳು.

ನಟ್ಟುಗಳು ಬೀಳತೊಡಗಿದವು. ಬಾಡಿಗೆಗೆ ಮಗ ಡಬ್ಬಿಯಲ್ಲೇ ದೊಡ್ಡದನ್ನು ಹುಡುಕಿ ಹಾಕಿದ, ಅದಕ್ಕೆ ಯಾರೂ ಎದುರಾಡಲಿಲ್ಲ. ನೀರಿಗೆ ಒಂದು. ಅಮ್ಮನ ಮಂಡಿಗೆ ಒಂದು. ಪಿಟೀಲು ತನ್ನ ಕಾಲೇಜಿಗೆಂದು ಒಲೆಯ ಕಡೆ ಹಾಕಿದಳು. ಅಲ್ಲೂ ಕಾಲೇಜಿದೆ ಎಂದ ಅಪ್ಪ. ಅಲ್ಲಿರುವುದು ಕಾಲೇಜಲ್ಲ, ಕಾಲೇಜೆಂದು ಬೋರ್ಡು ಹಾಕಿಕೊಂಡ ಶೆಡ್ಡು, ನೀವೇ ಫೋಟೋ ತೋರಿಸಿದ್ದೀರಲ್ಲ ಎಂದಳು ಮಗಳು. ದೊಡ್ಡ ಆಸ್ಪತ್ರೆ ಇಲ್ಲೇ ಹತ್ತಿರ ಎಂದು ಸೊಸೆ ಒಂದು ಹಾಕಿದರೆ, ಅಲ್ಲಿ ಆಸ್ಪತ್ರೆಯಲ್ಲೇ ಕೆಲಸ, ಅದಕ್ಕಿಂತ ಹತ್ತಿರ ಇನ್ನೇನು ಬೇಕು ಎಂದು ಮಗ ಇನ್ನೊಂದು ಹಾಕಿದ. ಹೀಗೆ ತಟ್ಟೆಗಳು ಒಂದು ದಿನ ಏರಿ ಒಂದು ದಿನ ಇಳಿದವು. ಬಟ್ಟಲುಗಳಲ್ಲಿ ಬೇಳೆ ಆರಿ ತಣ್ಣಗಾಗುತ್ತಿತ್ತು. ಕಪ್ಪೆ ತೂಗುವುದೇ ಇದಕ್ಕಿಂತ ಸುಲಭ ಎನಿಸುತ್ತಿತ್ತು.

ನಿಜವಾದ ಜಗಳ ಆದದ್ದು ಸೊಸೆಯ ಗೂಡಂಗಡಿಯ ವಿಷಯಕ್ಕೆ. ಎತ್ತರದ ಆಫೀಸು ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗ. ಅಲ್ಲಿ ಅವಳು ಪ್ಯಾಂಟುಗಳ ಉದ್ದ ಕತ್ತರಿಸುತ್ತಿದ್ದಳು, ಕಿತ್ತ ಜಿಪ್ಪು ಬದಲಿಸುತ್ತಿದ್ದಳು, ಬಿಗಿಯಾದ ಸೊಂಟ ಬಿಚ್ಚಿ ಸಡಿಲ ಮಾಡುತ್ತಿದ್ದಳು. ಮ್ಯಾನೇಜರನ ಹೊಟ್ಟೆ ಬಂದದ್ದು ಅವನ ಹೆಂಡತಿಗಿಂತ ಮೊದಲು ತನಗೆ ತಿಳಿಯುತ್ತದೆ ಎಂದು ನಗುತ್ತಿದ್ದಳು. ಮದುವೆಯಾಗಿ ಬಂದಾಗ ತಲೆ ಎತ್ತದ ಹುಡುಗಿ ಅವಳು. ತಲೆ ಎತ್ತುವುದನ್ನು ಕಲಿಸಿದ್ದು ಆ ಗೂಡು.

ಅವಳು ಡಬ್ಬಿಯಿಂದ ಬಾಡಿಗೆಯ ನಟ್ಟಿನಷ್ಟೇ ದೊಡ್ಡದನ್ನು ತೆಗೆದಳು. ಗಂಡ ಕೈ ಅಡ್ಡ ಹಿಡಿದ.

"ಅದಕ್ಕೆ ಅಷ್ಟು ದೊಡ್ಡದು ಬೇಡ. ಮಧ್ಯಮದ್ದು ಹಾಕು."

"ಯಾಕೆ?"

"ಸೂಜಿ ಕೆಲಸ ಎಲ್ಲಾದ್ರೂ ಮಾಡಬಹುದು. ಬಟ್ಟೆ ಹಾಕದೇ ಇರೋ ಊರು ಯಾವುದಿದೆ?"

"ಹಾಗಾದ್ರೆ ಲಿಫ್ಟ್ ಕೆಲಸಾನೂ ಎಲ್ಲಾದ್ರೂ ಮಾಡಬಹುದಿತ್ತಲ್ಲ. ಬಾಡಿಗೆ ಇಲ್ಲಿ ಏರಿದ್ರೆ ನಾನು ಇನ್ನೂ ಹತ್ತು ಪ್ಯಾಂಟು ಹೊಲೀತೀನಿ. ಅಲ್ಲಿ ಹೋಗಿ ಏನು ಹೊಲೀಲಿ, ನಿಮ್ಮ ಬಾಯನ್ನಾ?"

ಪಿಟೀಲು ನಕ್ಕಳು, ಅಪ್ಪನ ಮುಖ ನೋಡಿ ನಿಲ್ಲಿಸಿದಳು. ಅವನು ಏಳುವಾಗ ಊಟದ ತಟ್ಟೆ ಕಾಲಿಗೆ ತಗುಲಿ ಬೇಳೆ ನೆಲಕ್ಕೆ ಚೆಲ್ಲಿತು. ಸೊಸೆ ದೊಡ್ಡ ನಟ್ಟನ್ನೇ ಹಾಕಿದಳು. ನೆಲ ಒರೆಸುವಾಗ ಅತ್ತೆಯ ಕಡೆ ನೋಡಿ, "ನೀವೊಂದು ಮಾತು ಹೇಳಿ ಅತ್ತೆ. ನೀವು ಹೇಳಿದ್ರೆ ಕೇಳ್ತಾರೆ" ಎಂದಳು.

"ನನ್ನದೇನಿದೆ ತಾಯಿ. ತಕ್ಕಡಿ ಹೇಳುತ್ತೆ" ಎಂದಳು ಅಜ್ಜಿ.

ಮಾಲೀಕನಿಗೆ ಉತ್ತರ ಕೊಡಬೇಕಾದ ದಿನ ಬಂತು. ಬೆಳಿಗ್ಗೆ ಮೂವರೂ ಹೊರಗೆ ಹೋದರು. ತಕ್ಕಡಿಯ ಮುಳ್ಳು ಕಿಟಕಿಯ ಕಡೆಗೆ ಒಂದಿಷ್ಟು ವಾಲಿತ್ತು. ಮಧ್ಯಾಹ್ನ ಅಜ್ಜಿ ಗೋಡೆ ಹಿಡಿದು, ಒಲೆಯ ಕಟ್ಟೆ ಹಿಡಿದು, ನರಳುತ್ತ ಕೊಕ್ಕೆಯ ಹತ್ತಿರ ಹೋದಳು. ಎರಡೂ ತಟ್ಟೆಗಳ ನಟ್ಟುಗಳನ್ನು ತೆಗೆದು ಅದಲುಬದಲು ಮಾಡಿ ಹಾಕಿದಳು. ಇರೋಣ ಎಂದವರ ಕಾರಣಗಳು ಈಗ ನೆಗ್ಗಿದ ತಟ್ಟೆಯಲ್ಲಿದ್ದವು. ಅದು ದಡಕ್ಕನೆ ಕೆಳಗಿಳಿಯಿತು. ವಾಲಿದ ರೀತಿ ನೋಡಿದರೆ, ತಕ್ಕಡಿ ನೆಟ್ಟಗಿದ್ದಿದ್ದರೂ ಗೆಲ್ಲುತ್ತಿದ್ದವರು ಅವರೇ ಎಂಬುದು ದಿನಸಿ ಅಂಗಡಿಯವನ ಹೆಂಡತಿಗೆ ತಿಳಿಯದ ವಿಷಯವಲ್ಲ.

ಅವಳು ಬಹಳ ಹೊತ್ತು ನಿಂತಿದ್ದಳು. ಹಾಗೇ ಬಿಟ್ಟಿದ್ದರೂ ಸಾಕಿತ್ತು, ಯಾರಿಗೂ ಏನೂ ಹೇಳಬೇಕಿರಲಿಲ್ಲ. ಕೆಳಗೆ ಬೀದಿಯಲ್ಲಿ ನೆತ್ತಿಗಳು ಹೋಗುತ್ತಿದ್ದವು, ಬರುತ್ತಿದ್ದವು. ಸಾಯುವ ಮೊದಲು ಮನುಷ್ಯರ ಮುಖ ನೋಡಬೇಕು ಎಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ನಟ್ಟುಗಳನ್ನು ಒಂದೊಂದಾಗಿ ಮೊದಲಿದ್ದ ತಟ್ಟೆಗಳಿಗೇ ಹಾಕಿ, ಬಂದು ಕೂತಳು.

ಸಂಜೆ ಮಗ ತಕ್ಕಡಿ ನೋಡಿದ. ಸೊಸೆಯೂ ನೋಡಿದಳು. "ಸರಿ, ತಕ್ಕಡಿ ಹೇಳಿದ ಮೇಲೆ ಮುಗೀತು. ಮಾವ ಇದ್ದಿದ್ರೆ ಅವರೂ ಹೀಗೇ ಅಂತಿದ್ರು" ಎಂದಳು. ಮರುದಿನ ಗೂಡು ಖಾಲಿ ಮಾಡಲು ಶುರುಮಾಡಿದಳು.

ಹೊಸ ಊರಿನ ಮೊದಲ ವಾರ ಅಜ್ಜಿಗೆ ಹಬ್ಬದ ಹಾಗಿತ್ತು. ಮಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನೀರು ದಿನವಿಡೀ ಬರುತ್ತಿತ್ತು, ತರಕಾರಿ ಹಸಿರಾಗಿತ್ತು, ಬಾಗಿಲು ತೆಗೆದರೆ ಬೀದಿಯಿತ್ತು. ಅಜ್ಜಿ ಹೊಸ್ತಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಅಂಗಾಲನ್ನು ಮಣ್ಣಿಗೆ ಊರಿ ಕೂತಳು. ಬೀದಿ ಮಾತ್ರ ಮುಚ್ಚಿದ ಕಾರ್ಖಾನೆಯೊಂದರ ಗೋಡೆಗೆ ಹೋಗಿ ಮುಗಿಯುತ್ತಿತ್ತು. ಅತ್ತ ಹೋಗುವ ಕೆಲಸ ಯಾರಿಗೂ ಇರಲಿಲ್ಲ. ಆಗೊಮ್ಮೆ ಈಗೊಮ್ಮೆ ಬೈಕಿನಲ್ಲಿ ಯಾರಾದರೂ ಹೆಲ್ಮೆಟ್ಟು ಹಾಕಿಕೊಂಡು ಬುರ್ರೆಂದು ಹೋಗುತ್ತಿದ್ದರು. ಮೊದಲು ನೆತ್ತಿ ಕಾಣುತ್ತಿತ್ತು, ಈಗ ಅದೂ ಇಲ್ಲ.

ಸೊಸೆ ಕಿಟಕಿಗೆ ಬೋರ್ಡು ಕಟ್ಟಿ ಯಂತ್ರದ ಮುಂದೆ ಕೂತಳು. ಒಂದು ವಾರ ಯಾರೂ ಬರಲಿಲ್ಲ. ಆಮೇಲೆ ಪಕ್ಕದ ಮನೆಯವಳು ಬಂದಳು, ಸೂಜಿ ಇದ್ದರೆ ಒಂದು ಕೊಡಿ, ನಮ್ಮದು ಮುರಿಯಿತು ಎಂದು ಕೇಳಿದಳು. "ಇಲ್ಲಿ ಎಲ್ಲರ ಮನೇಲೂ ಸೂಜಿ ಇದೆ, ಎಲ್ಲರಿಗೂ ಟೈಮೂ ಇದೆ" ಎಂದು ಸೊಸೆ ರಾತ್ರಿ ಬ್ರೆಡ್ಡು ಮುರಿಯುತ್ತ ಹೇಳಿದಳು. ಅವಳ ದನಿಯಲ್ಲಿ ಸಿಟ್ಟು ಸಹ ಇರಲಿಲ್ಲ.

ಪಿಟೀಲು ಶೆಡ್ಡಿನ ಕಾಲೇಜಿಗೆ ಹೋದಳು. ಅಲ್ಲಿ ಅವಳು ಓದುತ್ತಿದ್ದ ವಿಷಯವೇ ಇರಲಿಲ್ಲ, ಇದ್ದದ್ದಕ್ಕೆ ಮೇಷ್ಟ್ರು ಇರಲಿಲ್ಲ. ಸ್ವಲ್ಪ ದಿನ ನೋಡಿ ಅವಳು ಮೊಬೈಲ್ ಅಂಗಡಿಯೊಂದರ ಕೌಂಟರಿನಲ್ಲಿ ಕೂರತೊಡಗಿದಳು. ಇದು ತಾತ್ಕಾಲಿಕ ಎಂದ ಅಪ್ಪ. ಮಾತು ಅವಳಲ್ಲಿ ಕಮ್ಮಿಯಾಗುತ್ತ ಬಂದು ಹೆಸರಿಗಷ್ಟೇ ಪಿಟೀಲಾದಳು.

ಕೆಡದ ಲಿಫ್ಟನ್ನು ತಾನು ನೋಡಿಲ್ಲ ಎಂದಿದ್ದ ಮಗ. ಅಲ್ಲಿನ ಲಿಫ್ಟುಗಳೂ ಕೆಟ್ಟವು, ಅವನು ಸರಿಮಾಡಿದ. ಆಮೇಲೆ ಆಸ್ಪತ್ರೆಯವರು ಹಳೆಯವನ್ನು ತೆಗೆದು ಹೊಸ ಲಿಫ್ಟು ಹಾಕಿಸಿದರು. ಅದರ ಜೊತೆಗೆ ಕಂಪನಿಯವರೇ ಬಂದು ನೋಡಿಕೊಳ್ಳುವ ಒಪ್ಪಂದವೂ ಬಂತು. ಅಂಗಡಿ ಸಾಲಿನ ಒಂದು ಲಿಫ್ಟು ಒಂದು ಸಂಸಾರವನ್ನು ಮೇಲೆತ್ತುವಷ್ಟು ದೊಡ್ಡದಲ್ಲ. ಒಂದು ಬೆಳಿಗ್ಗೆ ಅವನು ಸ್ಪಾನರುಗಳ ಚೀಲ ಹೆಗಲಿಗೇರಿಸಿ, ಬಿಟ್ಟು ಬಂದ ದೊಡ್ಡ ಊರಿಗೇ ಹಿಂತಿರುಗಿದ. ಅಲ್ಲಿ ಇನ್ನೂ ಆರು ಮಂದಿಯ ಜೊತೆ ಒಂದು ಕೋಣೆಯಲ್ಲಿ ಮಲಗಲು ಜಾಗ ಹಿಡಿದ. ತಿಂಗಳಿಗೊಮ್ಮೆ ಬರುತ್ತೇನೆ ಎಂದ. ಎರಡು ಕಡೆಯ ಬಾಡಿಗೆ, ಎರಡು ಕಡೆಯ ಒಲೆ, ಬಸ್ಸಿನ ಖರ್ಚು ಎಲ್ಲ ಸೇರಿ ಮೊದಲಿನ ಬಾಡಿಗೆಯನ್ನೂ ಮೀರಿತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನು ಮೊದಲ ಸಲ ಬಂದಾಗ ತೆಳ್ಳಗಾಗಿದ್ದ. ಊಟ ಮಾಡುತ್ತ, "ತೂಗೇ ತಾನೇ ಬಂದದ್ದು ನಾವು? ನಮ್ಮಪ್ಪನ ತಕ್ಕಡೀಲೇ ತಾನೇ?" ಎಂದು ತನ್ನನ್ನೇ ಕೇಳಿಕೊಂಡ ಹಾಗೆ ಕೇಳಿದ. ಅಜ್ಜಿಗೆ ಗಂಟಲಲ್ಲಿ ಬ್ರೆಡ್ಡು ಸಿಕ್ಕಿ ಕೆಮ್ಮು ಬಂತು. ಸೊಸೆ ನೀರು ಕೊಟ್ಟಳು.

ಆ ತಿಂಗಳು ಸೊಸೆ ಹೊಲಿಗೆ ಯಂತ್ರವನ್ನು ಮಾರಿದಳು. ಬಂದ ಹಣದಲ್ಲಿ ಬೇಳೆ, ಕಾಳು, ಈರುಳ್ಳಿ, ಆಲೂಗಡ್ಡೆ ತಂದು ಬೀದಿಯ ಕಡೆಯ ಕಿಟಕಿಯಲ್ಲಿ ಜೋಡಿಸಿದಳು. ಸುತ್ತಲಿನ ನಾಲ್ಕಾರು ಮನೆಯವರಿಗೆ ಪೇಟೆ ದೂರ, ಇಲ್ಲಿ ಕೊಳ್ಳಬಹುದು ಎಂಬ ಲೆಕ್ಕ. ಪೆಟ್ಟಿಗೆಯಿಂದ ಮಾವನ ತಕ್ಕಡಿ ತೆಗೆದು ಕಿಟಕಿಯ ಕಂಬಿಗೆ ನೇತುಹಾಕಿದಳು. ಜನ ಬಂದರು. ದಿನದಿನಕ್ಕೆ ಹೆಚ್ಚಾಗಿಯೇ ಬಂದರು. ಆದರೂ ಚೀಲಗಳು ಬರಿದಾಗುವಷ್ಟು ಬೇಗ ಹಣದ ಡಬ್ಬಿ ತುಂಬಲಿಲ್ಲ. ಇಷ್ಟು ವ್ಯಾಪಾರಕ್ಕೆ ಇಷ್ಟೇ ಹೇಗಾಯಿತೆಂದು ಸೊಸೆ ಸಂಜೆ ಚೀಲ ಕೊಡವಿ ನೋಡುತ್ತಿದ್ದಳು. ಇಲಿಯಿರಬೇಕೆಂದು ಮೂಲೆಯಲ್ಲಿ ಬೋನು ಇಟ್ಟಳು.

ಹೊಸ್ತಿಲಲ್ಲಿ ಕೂತ ಅಜ್ಜಿಗೆ ಇಲಿ ಯಾವುದೆಂದು ಮೊದಲ ದಿನವೇ ಗೊತ್ತಾಗಿತ್ತು. ಸೊಸೆ ತೂಕದ ಕಲ್ಲನ್ನು ನೆಗ್ಗಿದ ತಟ್ಟೆಗೆ ಹಾಕುತ್ತಿದ್ದಳು, ಸಾಮಾನನ್ನು ಇನ್ನೊಂದಕ್ಕೆ. ಕಿಲೋಗೆ ಒಂದು ಹಿಡಿ ಬೀದಿಯ ಪಾಲಾಗುತ್ತಿತ್ತು. ತಾತ ಜೀವಮಾನವಿಡೀ ಕದ್ದದ್ದನ್ನು ಅವಳು ಗೊತ್ತಿಲ್ಲದೆ ಹಿಂದಕ್ಕೆ ಕೊಡುತ್ತಿದ್ದಳು. ಸುಮ್ಮನಿದ್ದರೆ ಅಂಗಡಿಯೂ ಮುಳುಗುತ್ತದೆ. ಮಾತಾಡಿದರೆ ಎಲ್ಲವನ್ನೂ ಮಾತಾಡಬೇಕಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಕೆಲವು ದಿನ ಅಜ್ಜಿಗೆ ಊಟ ಸೇರಲಿಲ್ಲ.

ಒಂದು ಮಧ್ಯಾಹ್ನ ಸೊಸೆ ಕೊನೆಯ ಬೇಳೆ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಕೈಗೆ ಬಂದದ್ದನ್ನು ನೋಡಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವಳು ಅತ್ತಳು. ಗೂಡು ಬಿಟ್ಟ ದಿನ ಅಳದವಳು, ಯಂತ್ರ ಮಾರಿದ ದಿನ ಅಳದವಳು, ಒಂದು ಚೀಲ ಬೇಳೆಗೆ ಅತ್ತಳು. ಅಜ್ಜಿಗೆ ತಡೆಯಲಾಗಲಿಲ್ಲ.

"ಇಲಿ ಅಲ್ಲ ಕಣೇ. ಆ ತಕ್ಕಡಿ ಸರಿ ಇಲ್ಲ."

ಸೊಸೆ ಮುಖವೆತ್ತಿದಳು. ಅಜ್ಜಿ ಹೇಳಿದಳು. ಕೋಲಿನ ತೂತು, ಸೀಸ, ಸುತ್ತಿಗೆಯ ಏಟು, ಕೊಸರು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿದಳು. ಹೇಳುತ್ತ ಹೇಳುತ್ತ ದನಿ ಇಳಿಯುತ್ತ ಹೋಯಿತು. ಸೊಸೆ ಕಣ್ಣೊರೆಸಿಕೊಳ್ಳದೆ ಕೇಳಿದಳು.

"ಅವತ್ತು ಹೋಗೋ ಕಡೆಗೆ ಯಾವ ತಟ್ಟೆ ಇತ್ತು ಅತ್ತೆ?"

"ನೆಗ್ಗಿದ್ದು."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಮಧ್ಯಾಹ್ನ ಅದಲುಬದಲು ಮಾಡಿಯೂ ನೋಡಿದೆ. ನೀನೇ ಗೆದ್ದಿದ್ದೆ. ನನಗೆ ಕೆಳಗೆ ಇಳೀಬೇಕಿತ್ತು, ತಾಯಿ. ಜನರ ಮುಖ ನೋಡಬೇಕಿತ್ತು."

ಸೊಸೆ ಬಯ್ಯುತ್ತಾಳೆ, ಹೊರಗೆ ಹಾಕುತ್ತಾಳೆ, ಮಗನಿಗೆ ಈಗಲೇ ಫೋನು ಮಾಡುತ್ತಾಳೆ ಎಂದು ಅಜ್ಜಿ ಕಾದಳು. ಬಯ್ದರೆ ಸಾಕು ಎನಿಸಿತ್ತು. ಸೊಸೆ ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆ ಊರಿಗೆ ಬಂದ ಮೇಲೆ ಅಜ್ಜಿಯ ಮುಖವನ್ನು ಅಷ್ಟು ಹೊತ್ತು ನೋಡಿದವರು ಇನ್ನಾರೂ ಇರಲಿಲ್ಲ. ಅಜ್ಜಿಯೇ ಕಣ್ಣು ಬೇರೆ ಕಡೆ ತಿರುಗಿಸಿದಳು.

"ಅವರಿಗೆ ಹೇಳಬೇಡಿ. ಅವರ ಹತ್ತಿರ ಅದೊಂದೇ ಉಳಿದಿರೋದು" ಎಂದಳು ಸೊಸೆ.

ಅಷ್ಟರಲ್ಲಿ ಕಿಟಕಿಯ ಹೊರಗೆ ಪಕ್ಕದ ಮನೆಯವಳು ಬಂದು ನಿಂತು ಒಂದು ಕಿಲೋ ಕಾಳು ಕೇಳಿದಳು. ಸೂಜಿ ಕೇಳಲು ಬಂದಿದ್ದವಳು ಅವಳೇ. ಕಂಕುಳಲ್ಲಿ ಮಗುವಿತ್ತು, ಕಾಲಲ್ಲಿ ಹರಿದ ಚಪ್ಪಲಿಯಿತ್ತು. ಸೊಸೆ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು. ಕಂಬಿಯಿಂದ ತಕ್ಕಡಿಯನ್ನು ಬಿಚ್ಚಿದಳು. ಬಿಸಾಡುತ್ತಾಳೇನೋ ಎಂದು ಅಜ್ಜಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು.

ಸೊಸೆ ತಕ್ಕಡಿಯನ್ನು ತಿರುಗಿಸಿ ನೇತುಹಾಕಿದಳು. ಕಲ್ಲನ್ನು ಸೀಸದ ತಟ್ಟೆಗಿಟ್ಟಳು, ಕಾಳನ್ನು ನೆಗ್ಗಿದ ತಟ್ಟೆಗೆ ಸುರಿದಳು. ಮುಳ್ಳು ನೆಟ್ಟಗೆ ನಿಂತಿತು. ಕಾಳನ್ನು ಚೀಲಕ್ಕೆ ಹಾಕಿ, ಸ್ವಲ್ಪ ತಡೆದು, ಮೇಲಿಂದ ನಾಲ್ಕು ಕಾಳು ಉದುರಿಸಿದಳು.

"ತಗೊಳ್ಳಿ, ಕೊಸರು" ಎಂದಳು.

"ನಿಮ್ಮ ತೂಕ ಬಹಳ ಚೆನ್ನಾಗಿದೆ ಅಂತ ಬೀದಿಯವರೆಲ್ಲ ಹೇಳ್ತಾರಮ್ಮ" ಎಂದು ಪಕ್ಕದ ಮನೆಯವಳು ನಗುತ್ತ ಚೀಲ ತೆಗೆದುಕೊಂಡಳು. ಹೋಗುವಾಗ ಅಜ್ಜಿಯ ಕುರ್ಚಿಯ ಮುಂದೆ ಒಂದು ಗಳಿಗೆ ನಿಂತು, ಊಟ ಆಯ್ತಾ ಅಜ್ಜಿ ಎಂದು ಮುಖ ನೋಡಿ ಕೇಳಿದಳು. ಅಜ್ಜಿ ತಲೆ ಎತ್ತಲಿಲ್ಲ.